ಮರದ ಮೇಲಿನ ಮುದ್ರೆ, ದೋಣಿಯ ಹಿಂದಿನ ಕಾಗದ

ಆಗುಂಬೆ ಎಂದೊಡನೆ ನೆನಪಾಗುವುದು ಎರಡು: ಮಳೆ ಮತ್ತು ಸೂರ್ಯಾಸ್ತ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಈ ಊರಿಗೆ ಮೂರನೆಯ ಗುರುತೊಂದು ಇದೆ. ಅದು ಘಟ್ಟದ ಬಾಗಿಲು. ತೀರ್ಥಹಳ್ಳಿಯ ಕಡೆಯಿಂದ ಬಂದ ದಾರಿ ಇಲ್ಲಿಂದ 14 ತಿರುವುಗಳಲ್ಲಿ ಸುತ್ತಿ ಸುತ್ತಿ ಇಳಿದು ಸೋಮೇಶ್ವರವನ್ನು ಮುಟ್ಟುತ್ತದೆ. ಅಲ್ಲಿಂದ ಹೆಬ್ರಿ, ಮುಂದೆ ಉಡುಪಿ, ಆಮೇಲೆ ಕಡಲು. ಬಾಗಿಲು ಇದ್ದಲ್ಲಿ ಕಾವಲು ಇರುತ್ತದೆ. ಕಾವಲು ಇದ್ದಲ್ಲಿ ಲೆಕ್ಕ ಇರುತ್ತದೆ.

ಆಗುಂಬೆಯಲ್ಲಿ ದೋಣಿ ಕಟ್ಟುವ ಕಸುಬಿಲ್ಲ. ಆದರೆ ಈ ಸೀಮೆಯ ಕಾಡಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಸೀತಾನದಿ ಬಾರಕೂರನ್ನು ಹಾದು ಹಂಗಾರಕಟ್ಟೆಯ ಬಳಿ ಸಮುದ್ರ ಸೇರುತ್ತದೆ. ಆ ತೀರದಲ್ಲಿ ದೋಣಿ, ಮಚುವೆ, ಪತ್ತೇಮಾರಿಗಳು ನೀರಿಗಿಳಿದದ್ದು ಶತಮಾನಗಳ ಕಾಲ. ಅವುಗಳ ಹಲಗೆ, ತೊಲೆ, ಕೂವೆಮರಗಳಿಗೆ ಬೇಕಾದ ಮರ ಬಂದದ್ದು ಪಶ್ಚಿಮಘಟ್ಟದ ಕಾಡುಗಳಿಂದ. ಹೀಗೆ ಕೆಳಗೆ ತೇಲುವ ದೋಣಿಯ ಮೊದಲ ಪುಟ ಮೇಲೆ, ಕಾಡಿನಲ್ಲಿಯೇ ಬರೆಯಲ್ಪಡುತ್ತಿತ್ತು.

ದೋಣಿ ಕಟ್ಟುವವನು ಇಂದು ಹಲವು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಕೊಡಬೇಕಾಗುತ್ತದೆ. ಸಾಮಗ್ರಿ ಎಲ್ಲಿಂದ ಬಂತು? ದೋಣಿಯ ಉದ್ದ, ಅಗಲ, ಆಳ ಎಷ್ಟು? ಯಾರಿಗಾಗಿ, ಎಲ್ಲಿ, ಎಂದು ಕಟ್ಟಿದ್ದು? ಎಷ್ಟು ಜನರನ್ನು ಹೊರಬಲ್ಲದು? ಇವೆಲ್ಲ ಒಂದೇ ದಿನ ಹುಟ್ಟಿದ ಪ್ರಶ್ನೆಗಳಲ್ಲ. ಮೊದಲು ಕೇಳಿದವರು ಕಡಲಿನ ಒಡೆತನಕ್ಕಾಗಿ ಕೇಳಿದರು. ಆಮೇಲೆ ಕೇಳಿದವರು ಕಾಡಿನ ಒಡೆತನಕ್ಕಾಗಿ ಕೇಳಿದರು. ದೋಣಿಯಲ್ಲಿ ಕುಳಿತವನ ಪ್ರಾಣಕ್ಕಾಗಿ ಕೇಳಿದ್ದು ಎಲ್ಲಕ್ಕಿಂತ ತಡವಾಗಿ. ಈ ಸರದಿಯನ್ನು ಅರಿತರೆ ಇಂದಿನ ಅನೇಕ ತೊಡಕುಗಳ ಬೇರು ಕಾಣುತ್ತದೆ.

ಆಚಾರಿಯ ತಲೆಯೇ ದಫ್ತರ

ಕರಾವಳಿಯ ದೋಣಿ ಕಟ್ಟುವ ಆಚಾರಿಗೆ ಮರದ ಗುಣ ಬಾಯಿಪಾಠ. ದೊಡ್ಡ ಹಡಗಿಗೆ ತೇಗ. ನೀರಿಗೆ ಬಾಳುವ ಹಲಗೆಗೆ ಹೆಬ್ಬಲಸು. ಗಟ್ಟಿ ತೊಲೆಗೆ ಬೋಗಿ. ಒಂದೇ ದಿಮ್ಮಿಯನ್ನು ಕೊರೆದು ಮಾಡುವ ಸಣ್ಣ ದೋಣಿಗೆ ಮಾವು. ನೆಟ್ಟಗೆ, ಗಂಟಿಲ್ಲದೆ ಎತ್ತರಕ್ಕೆ ಬೆಳೆಯುವ ಸುರಹೊನ್ನೆಯ ಕುಲದ ಘಟ್ಟದ ಮರ ಕೂವೆಕಂಬಕ್ಕೆ ಹೇಳಿ ಮಾಡಿಸಿದ್ದು. ಇಂಗ್ಲಿಷರು ಅದನ್ನು 'ಪೂನ್' ಎಂದು ಕರೆದು ಬಹಳ ಬೆಲೆ ಕೊಡುತ್ತಿದ್ದರು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ರಾಳ ತುಂಬಿ, ಮೈಗೆ ಮೀನೆಣ್ಣೆ ಬಳಿಯುವ ಪದ್ಧತಿ ಪಶ್ಚಿಮ ಕರಾವಳಿಯಲ್ಲೆಲ್ಲ ಇತ್ತು.

ಈ ಕಸುಬಿನಲ್ಲಿ ನಕ್ಷೆ ಇರಲಿಲ್ಲ. ಕೋಲು, ಅಂಗುಲಗಳ ಅಳತೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಅಡಿಮರದ ಉದ್ದ ಗೊತ್ತಾದರೆ ಅಗಲ, ಆಳಗಳು ಲೆಕ್ಕದಂತೆ ತಾವೇ ಬೀಳುತ್ತಿದ್ದವು. ದೋಣಿ ಸರಿಯಿದೆ ಎಂಬುದಕ್ಕೆ ಆಚಾರಿಯ ಹೆಸರೇ ಸಾಕ್ಷಿ. ದೋಣಿ ಮುಳುಗಿದರೆ ಊರಲ್ಲಿ ಅವನ ಹೆಸರೂ ಮುಳುಗುತ್ತಿತ್ತು. ಕಟ್ಟುವವನೂ ಕೊಳ್ಳುವವನೂ ಒಂದೇ ದಂಡೆಯವರಾಗಿದ್ದಷ್ಟು ಕಾಲ ಈ ವ್ಯವಸ್ಥೆ ಸಾಕಾಗಿತ್ತು. ದೋಣಿಯ ಮೇಲೆ ದೂರದವರ ಕಣ್ಣು ಬಿದ್ದಾಗ ಕಾಗದ ಬಂತು.

ಕಡಲಿಗೊಂದು ರಹದಾರಿ

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಕೆಲವೇ ವರ್ಷಗಳಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ 'ಕಾರ್ಟಾಜ್' ಎಂಬ ಪರವಾನಗಿ ಪತ್ರವನ್ನು ಜಾರಿಗೆ ತಂದರು. ಹಡಗಿನ ಹೆಸರು, ಅದರ ಗಾತ್ರ, ನಾಖುದನ ಹೆಸರು, ಇರುವ ಆಯುಧ, ಹೋಗುವ ಬಂದರು ಇವೆಲ್ಲ ಅದರಲ್ಲಿ ಬರೆದಿರಬೇಕು. ಅದಿಲ್ಲದೆ ಸಿಕ್ಕ ಹಡಗು ಸರಕಿನ ಸಮೇತ ಜಪ್ತಿ. ಪತ್ರದ ಶುಲ್ಕವೇನೋ ಅಲ್ಪ. ಆದರೆ ಪತ್ರ ಪಡೆದವನು ಪೋರ್ಚುಗೀಸರ ಬಂದರಿಗೆ ಹೋಗಿ ಸುಂಕ ತೆರಬೇಕಿತ್ತು. ಅಸಲು ಲಾಭ ಅಲ್ಲಿತ್ತು.

ಘಟ್ಟದ ಮೇಲೆ ಆಗ ಬಲಗೊಳ್ಳುತ್ತಿದ್ದದ್ದು ಕೆಳದಿಯ ನಾಯಕರ ರಾಜ್ಯ. ಇಂದಿನ ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿ, ಅನಂತರ ಹೊಸನಗರ ತಾಲ್ಲೂಕಿನ ಬಿದನೂರು ಅವರ ರಾಜಧಾನಿಗಳು. ಅವರ ಬೊಕ್ಕಸಕ್ಕೆ ಹಣ ಬರುತ್ತಿದ್ದದ್ದು ಮಲೆನಾಡಿನ ಮೆಣಸು, ಕರಾವಳಿಯ ಅಕ್ಕಿಗಳ ವ್ಯಾಪಾರದಿಂದ. ಅವೆಲ್ಲ ಘಟ್ಟ ಇಳಿದು ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳಲ್ಲಿ ಹಡಗು ಹತ್ತಬೇಕು. ಪೋರ್ಚುಗೀಸರು 1568-69ರ ಸುಮಾರಿಗೆ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಹಿಡಿದು ಕುಳಿತರು. ಶಿವಪ್ಪನಾಯಕ 1650ರ ದಶಕದಲ್ಲಿ ಅವನ್ನು ಮರಳಿ ಗೆದ್ದ. ಆದರೂ ಮುಂದಿನ ಒಪ್ಪಂದಗಳ ಮಾತುಕತೆಯಲ್ಲಿ ಕಾರ್ಟಾಜಿನ ವಿಷಯ ಮತ್ತೆ ಮತ್ತೆ ಬರುತ್ತಲೇ ಇತ್ತು. ನೆಲ ಗೆದ್ದ ಅರಸನಿಗೂ ಕಡಲಿನ ಮೇಲೆ ಕಾಗದ ಬೇಕಿತ್ತು.

ಕಾರ್ಟಾಜ್ ಕೇಳಿದ್ದು ನಾಖುದನನ್ನು, ಆಚಾರಿಯನ್ನಲ್ಲ. ಆದರೆ ಹಡಗಿನ ಗಾತ್ರವನ್ನು ಬರೆಯಬೇಕಾದಾಗ ಆ ಲೆಕ್ಕ ಕಟ್ಟಿದವನ ಬಾಯಿಂದಲೇ ಬರಬೇಕು. ಇಷ್ಟು ಖಂಡಿ ಸರಕು ಹೊರುವ ಹಡಗು ಎಂಬ ಆಚಾರಿಯ ಮಾತು ಹೀಗೆ ಮೊದಲ ಬಾರಿಗೆ ಶಾಯಿಗೆ ಇಳಿಯಿತು.

ಹುಕುಂನಾಮೆಯ ಹಡಗುಗಳು

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಅವನಿಗೆ ಕೋಟೆ, ಹಣಗಳ ಜೊತೆಗೆ ಕರಾವಳಿಯೂ ದಕ್ಕಿತು. ಅವನು ನೌಕಾಬಲ ಕಟ್ಟಲು ಕೈಹಾಕಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಎದುರಿಗೇ ಆ ಹಡಗುಗಳನ್ನು ನಾಶಮಾಡಿದ.

ಮಗ ಟಿಪ್ಪು ಸುಲ್ತಾನ್ ಈ ಕೆಲಸವನ್ನು ಬೇರೆ ರೀತಿಯಲ್ಲಿ ಹಿಡಿದ. 1796ರಲ್ಲಿ ಅವನು ಹೊರಡಿಸಿದ ನೌಕಾ ಹುಕುಂನಾಮೆ ನಮ್ಮ ನಾಡಿನ ಹಡಗು ನಿರ್ಮಾಣದ ಇತಿಹಾಸದಲ್ಲಿ ಅಪರೂಪದ ದಾಖಲೆ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಸಂಗ್ರಹದಿಂದ ಅದು ಹೊರಜಗತ್ತಿಗೆ ತಿಳಿಯಿತು. 'ಮೀರ್ ಯಮ್' ಎಂಬ 11 ಮಂದಿ ಅಧಿಕಾರಿಗಳ ಮಂಡಲಿ, ಅವರ ಕೈಕೆಳಗೆ 'ಮೀರ್ ಬಹರ್' ಎಂಬ 30 ಮಂದಿ. ಕಟ್ಟಬೇಕಾದದ್ದು 40 ಹಡಗು: 20 ದೊಡ್ಡ ಯುದ್ಧನೌಕೆ, 20 ಅದಕ್ಕಿಂತ ಚಿಕ್ಕವು. ಅದಕ್ಕಾಗಿ ಮೂರು ಕಟ್ಟೆಗಳು. ಒಂದು ಮಂಗಳೂರು, ಇನ್ನೊಂದು ಹೊನ್ನಾವರದ ಸಮೀಪದ ಬಸವರಾಜದುರ್ಗದ ಬಳಿ, ಮತ್ತೊಂದು ಸದಾಶಿವಗಡ. ಹಡಗಿನ ಮಾದರಿಯನ್ನು ಸುಲ್ತಾನನೇ ಕಳಿಸುವನು. ತಳಕ್ಕೆ ತಾಮ್ರದ ಹೊದಿಕೆ ಇರಬೇಕು. ಮರವನ್ನು ಕಾಡಿನಲ್ಲಿ ಕಡಿದು ಹೊಳೆಗಳಲ್ಲಿ ತೇಲಿಬಿಟ್ಟು ಕಟ್ಟೆಗೆ ತರಬೇಕು.

ಇಲ್ಲಿ ಗಮನಿಸಬೇಕಾದದ್ದು ಒಂದು. ಹಡಗು ಸರಿಯೋ ತಪ್ಪೋ ಎಂಬ ತೀರ್ಮಾನ ಆಚಾರಿಯ ಕೈಯಿಂದ ಜಾರಿ, ದೂರದ ಶ್ರೀರಂಗಪಟ್ಟಣದ ಮಾದರಿಗೆ ಹೋಯಿತು. ಕಟ್ಟಿದ ಹಡಗು ಮಾದರಿಗೆ ಸರಿಹೊಂದಿದೆ ಎಂದು ಅಧಿಕಾರಿ ಒಪ್ಪಿಸಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ 'ಅನುಮೋದಿತ ನಕ್ಷೆಯಂತೆ ನಿರ್ಮಾಣ'. 1799ರಲ್ಲಿ ಟಿಪ್ಪು ಮಡಿದಾಗ ಈ ಯೋಜನೆಯ ಬಹುಪಾಲು ಕಾಗದದಲ್ಲೇ ಉಳಿಯಿತು. ಹಡಗು ಹೋದರೂ ಕಾಗದ ಉಳಿಯುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ಕಂಪನಿಯ ತೇಗ, ರೈತನ ಸಿಟ್ಟು

ಆಮೇಲೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿ. ನೆಪೋಲಿಯನ್ ಜೊತೆಗಿನ ಯುದ್ಧಗಳ ಕಾಲ. ಇಂಗ್ಲೆಂಡಿನಲ್ಲಿ ಹಡಗಿಗೆ ಬೇಕಾದ ಓಕ್ ಮರಕ್ಕೆ ಬರ. ಮುಂಬಯಿಯ ಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ತೇಗದಿಂದ ಯುದ್ಧನೌಕೆ ಕಟ್ಟುತ್ತಿದ್ದರು. 1817ರಲ್ಲಿ ಅಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತ ನಿಂತಿದೆ. ಇಂಥ ಹಡಗುಗಳಿಗೆ ಮಲಬಾರ್ ಮತ್ತು ಕೆನರಾ ಕಾಡುಗಳೇ ಕಣಜ.

1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡ. ಭಾರತದಲ್ಲಿ ಆ ಹೆಸರಿನ ಮೊದಲ ಹುದ್ದೆ ಅದು. ಹೆಸರು ಸಂರಕ್ಷಕ, ಕೆಲಸ ಹಡಗಿಗೆ ಮರ ಒದಗಿಸುವುದು. ಮರುವರ್ಷ ಹೊರಟ ಘೋಷಣೆ ತೇಗದ ಮರವೆಲ್ಲ ಕಂಪನಿಯದು, ಅಪ್ಪಣೆಯಿಲ್ಲದೆ ಕಡಿಯಕೂಡದು ಎಂದಿತು. ಅಲ್ಲಿಯವರೆಗೆ ಹಿತ್ತಿಲ ಮರವನ್ನು ಕಡಿದು ದೋಣಿ ಮಾಡಿಕೊಳ್ಳುತ್ತಿದ್ದವನು ರಾತ್ರೋರಾತ್ರಿ ಕಳ್ಳನಾದ. ಜನರ, ವ್ಯಾಪಾರಿಗಳ ಅಸಮಾಧಾನ ಎಷ್ಟು ಬೆಳೆಯಿತೆಂದರೆ 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಬೇಕಾಯಿತು. ಹುದ್ದೆ ಹೋಯಿತು, ವಿಚಾರ ಹೋಗಲಿಲ್ಲ. ಮರ ಇದ್ದವನು ಅದು ತನ್ನದೆಂದು ತಾನೇ ಸಾಬೀತು ಮಾಡಬೇಕು ಎಂಬ ನಿಯಮಕ್ಕೆ ಅಂದೇ ಬೀಜ ಬಿತ್ತು.

ಇದೇ ಶತಮಾನದಲ್ಲಿ ಕಡಲ ದಂಡೆಯಲ್ಲೂ ಲೆಕ್ಕ ಬಿಗಿಯಾಯಿತು. 1838ರ ಕರಾವಳಿ ನೌಕೆಗಳ ಕಾಯ್ದೆ ಮುಂಬಯಿ ಪ್ರಾಂತದ ವ್ಯಾಪಾರಿ ದೋಣಿ, ಮೀನು ದೋಣಿಗಳ ಮೇಲೆ ಸಂಖ್ಯೆಯನ್ನೂ ಊರಿನ ಹೆಸರನ್ನೂ ಕೆತ್ತಿಸಬೇಕೆಂದಿತು. ಬ್ರಿಟನ್ನಿನ 1894ರ ವ್ಯಾಪಾರಿ ಹಡಗು ಕಾಯ್ದೆಯಲ್ಲಿ 'ನಿರ್ಮಾಪಕನ ಪ್ರಮಾಣಪತ್ರ'ಕ್ಕೆ ಸ್ಪಷ್ಟ ರೂಪವಿತ್ತು. ಹಡಗಿನ ಬಗೆ ಯಾವುದು, ತನ್ನ ಅಂದಾಜಿನಂತೆ ಎಷ್ಟು ಟನ್ನು, ಎಲ್ಲಿ, ಯಾವಾಗ, ಯಾರಿಗಾಗಿ ಕಟ್ಟಿದ್ದು ಎಂದು ಕಟ್ಟಿದವನೇ ಬರೆದು ರುಜು ಹಾಕಬೇಕು. ಸ್ವತಂತ್ರ ಭಾರತದ 1958ರ ವ್ಯಾಪಾರಿ ಹಡಗು ಕಾಯ್ದೆ ಇದೇ ಪ್ರಮಾಣಪತ್ರವನ್ನು ಉಳಿಸಿಕೊಂಡಿತು. ಆಚಾರಿಯ ಮಾತಿಗೆ ಕಾನೂನಿನ ಬಲವೂ ಬಂತು, ಸುಳ್ಳಾದರೆ ಶಿಕ್ಷೆಯೂ ಬಂತು.

ಸುತ್ತಿಗೆ, ಪಾಸು, ರಿಜಿಸ್ಟರು

ಘಟ್ಟದ ಮೇಲೆ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಬಂದದ್ದು 1864ರಲ್ಲಿ. ಅಂದಿನಿಂದ ರೂಢಿಗೆ ಬಂದು, ಮುಂದೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳಲ್ಲಿ ನೆಲೆನಿಂತ ಪದ್ಧತಿಯನ್ನು ಮಲೆನಾಡಿನ ಮರದ ವ್ಯವಹಾರ ಬಲ್ಲವರೆಲ್ಲ ಅರಿತಿದ್ದಾರೆ. ಅದರ ಜಾಣ್ಮೆ ಮಾತ್ರ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

ಕಡಿಯಬೇಕಾದ ಮರಕ್ಕೆ ಮೊದಲು ಸಂಖ್ಯೆ. ಮರ ಬಿದ್ದ ಮೇಲೆ ಬುಡದ ಮೋಟಿಗೂ ದಿಮ್ಮಿಗೂ ಸುತ್ತಿಗೆಯ ಮುದ್ರೆ. ಸರ್ಕಾರದ ಮರಕ್ಕೆ ಸರ್ಕಾರದ ಗುರುತು. ಖಾಸಗಿ ಮರಕ್ಕೆ ಇಲಾಖೆಯಲ್ಲಿ ನೋಂದಾಯಿಸಿದ ಮಾಲೀಕನ ಗುರುತು. ದಿಮ್ಮಿಯ ಉದ್ದ, ಸುತ್ತಳತೆ ಪಟ್ಟಿಗೆ ಏರುತ್ತದೆ. ಆ ಪಟ್ಟಿಯ ಆಧಾರದ ಮೇಲೆ ರಹದಾರಿ, ಅಂದರೆ ಪಾಸು. ಅದರಲ್ಲಿ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ದಿನದೊಳಗೆ ಎಂದು ಇರುತ್ತದೆ. ಗೇಟಿನಲ್ಲಿ ಕಾವಲುಗಾರ ಮರದ ಮುದ್ರೆಯನ್ನೂ ಕಾಗದದ ಬರಹವನ್ನೂ ತಾಳೆ ನೋಡುತ್ತಾನೆ. ಮರ ಮಾತಾಡುವುದಿಲ್ಲ, ಅದರ ಪರವಾಗಿ ಮುದ್ರೆ ಮಾತಾಡುತ್ತದೆ.

ತೊಡಕು ಶುರುವಾಗುವುದು ಗರಗಸದ ಬಾಯಲ್ಲಿ. ದಿಮ್ಮಿ ಸೀಳಿ ಹಲಗೆಯಾದೊಡನೆ ಮುದ್ರೆ ಮಾಯ. ಒಂದು ದಿಮ್ಮಿ ಇಪ್ಪತ್ತು ಹಲಗೆಯಾಗಿ ಮೂರು ದೋಣಿಗಳಿಗೆ ಹೋಗಬಹುದು. ಆಗ ಕಾಡಿನ ಮೋಟಿನಿಂದ ಕಡಲಿನ ದೋಣಿಯವರೆಗಿನ ದಾರಿ ತುಂಡಾಗದಂತೆ ಹಿಡಿದಿಡುವುದು ಪುಸ್ತಕ ಮಾತ್ರ. ಮಿಲ್ಲಿನವನು ಬಂದ ದಿಮ್ಮಿ, ಹೋದ ಹಲಗೆಗಳ ರಿಜಿಸ್ಟರು ಇಡಬೇಕು. ದೋಣಿ ಕಟ್ಟುವವನು ಕೊಂಡ ರಸೀದಿ, ಪಾಸುಗಳನ್ನು ಜೋಪಾನ ಮಾಡಬೇಕು. ಅರ್ಧ ಕಟ್ಟಿದ ದೋಣಿಯ ಮುಂದೆ ಅಧಿಕಾರಿ ಬಂದು ನಿಂತಾಗ ಆಚಾರಿಯ ಬಳಿ ಹಲಗೆ ಇದ್ದು ಕಾಗದ ಇಲ್ಲವಾದರೆ, ಪ್ರಾಮಾಣಿಕವಾಗಿ ಹಣ ಕೊಟ್ಟು ತಂದ ಮರವೂ ಕಳ್ಳಮಾಲಿನಂತೆಯೇ ಕಾಣುತ್ತದೆ. ಅಕ್ಷರ ಬಾರದ ಕುಶಲಿಗೆ ಇದು ಸಣ್ಣ ಕಷ್ಟವಲ್ಲ. ಕಾಗದ ಬಲ್ಲ ಮಧ್ಯವರ್ತಿ ಬೆಳೆದದ್ದು ಇಂಥ ಸಂದುಗಳಲ್ಲಿಯೇ.

ಇಷ್ಟೆಲ್ಲ ಬರವಣಿಗೆಯಲ್ಲಿ ಒಂದು ಮಾತು ಎಲ್ಲಿಯೂ ಇರಲಿಲ್ಲ. ಈ ಹಲಗೆಯಿಂದ ಕಟ್ಟಿದ ದೋಣಿ ಮುಳುಗುವುದೋ ತೇಲುವುದೋ? ಕಾಡಿನ ಪುಸ್ತಕಕ್ಕೆ ಅದು ಬೇಕಿರಲಿಲ್ಲ.

ನಡುನೀರಿನ ಊರುಗಳು

ಆ ಪ್ರಶ್ನೆ ಮಲೆನಾಡಿನ ಅಂಗಳಕ್ಕೇ ಬಂದದ್ದು 1964ರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿಯಿತು. ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರ ಸೀಮೆಯ ಹಳ್ಳಿಗಳು ನೀರಿನಡಿ ಹೋದವು. ತುಮರಿಯ ಕಡೆಯ ಊರುಗಳು ಮುಳುಗದೆ ಉಳಿದರೂ ಸಾಗರದ ನೇರ ದಾರಿಯನ್ನು ಕಳೆದುಕೊಂಡವು. ಗದ್ದೆ ಉಳುತ್ತಿದ್ದ ಜನ ಒಮ್ಮೆಗೇ ದೋಣಿಯವರಾದರು. ಕಡಲು ಕಂಡರಿಯದ ನೆಲದಲ್ಲಿ ಲಾಂಚು ಎಂಬುದು ದಿನಬಳಕೆಯ ಮಾತಾಯಿತು. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ, ಮಕ್ಕಳು ಕಾಲೇಜಿಗೆ ಹೋಗುವುದಕ್ಕೂ, ಸಿಗಂದೂರಿನ ದೇವಿಯ ದರ್ಶನಕ್ಕೂ ಹೊಳೆಬಾಗಿಲಿನ ಲಾಂಚೇ ದಾರಿ. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈ ದಡದಲ್ಲೇ.

ಇಂಥ ಒಳನಾಡಿನ ಯಂತ್ರದೋಣಿಗಳಿಗೆ ಇದ್ದದ್ದು 1917ರ ಕಾಯ್ದೆ. ಹಬೆ ದೋಣಿಗಳ ಕಾಲದಲ್ಲಿ ಹುಟ್ಟಿದ ಈ ಕಾನೂನಿನಲ್ಲಿ ದೋಣಿಯನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸಬೇಕು, ಎಷ್ಟು ಮಂದಿ ಹತ್ತಬಹುದೆಂದು ತಪಾಸಣಾ ಪತ್ರದಲ್ಲಿ ಇರಬೇಕು, ಆ ಪತ್ರ ಜನರಿಗೆ ಕಾಣುವಂತೆ ತೂಗಿರಬೇಕು ಎಂಬ ಆಶಯವಿತ್ತು. ಅದರ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ವಿನ್ಯಾಸ, ನಿರ್ಮಾಣ, ಮಾರ್ಪಾಡು, ನೋಂದಣಿ, ವಿಮೆ ಎಲ್ಲವನ್ನೂ ಅದು ಒಂದೇ ಚೌಕಟ್ಟಿಗೆ ತಂದಿತು; ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳ ಪಟ್ಟಿಗೆ ತರುವ ದಾರಿಯನ್ನೂ ತೆರೆಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಆರು ದಶಕಗಳ ಕಾಯುವಿಕೆ ಮುಗಿಯಿತು. ಆದರೆ ಹಿನ್ನೀರಿನ ಅಂಚಿನಲ್ಲಿ ತೆಪ್ಪ, ನಾಡದೋಣಿಗಳನ್ನೇ ನಂಬಿದ ಮನೆಗಳ ಪಾಲಿಗೆ ದೋಣಿ ಗಟ್ಟಿಯಿದೆಯೇ ಎಂಬ ಪ್ರಶ್ನೆ ಹಳತಾಗುವುದಿಲ್ಲ.

ಬರೆಯದೆ ಉಳಿದದ್ದರ ಬೆಲೆ

ಆ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮುಳುಗಿ 45 ಮಂದಿ ಸತ್ತರು. 2023ರ ಮೇ 7ರಂದು ಅದೇ ರಾಜ್ಯದ ತಾನೂರಿನಲ್ಲಿ 22 ಮಂದಿ. ತಾನೂರಿನದು ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ್ದು ಎಂಬುದು ಆಮೇಲೆ ಬಯಲಾಯಿತು.

ಮಾರ್ಪಾಡು ಎಂಬ ಮಾತಿನಲ್ಲೇ ದಾಖಲೆಯ ಮರ್ಮವಿದೆ. ಮೀನು ದೋಣಿಯ ಭಾರ ತಳದಲ್ಲಿ ಇರುತ್ತದೆ: ಬಲೆ, ಮಂಜುಗಡ್ಡೆ, ಮೀನು. ಅದರ ಮೇಲೆ ಮಹಡಿ ಕಟ್ಟಿ ಜನರನ್ನು ನಿಲ್ಲಿಸಿದರೆ ಭಾರ ಮೇಲಕ್ಕೆ ಏರುತ್ತದೆ. ಎಲ್ಲರೂ ಒಂದೇ ಮಗ್ಗುಲಿಗೆ ಬಂದರೆ ದೋಣಿ ಮತ್ತೆ ನೆಟ್ಟಗಾಗುವುದಿಲ್ಲ. ಹೊರಗಿನಿಂದ ನೋಡಿದವನಿಗೆ ಹೊಸ ಬಣ್ಣ ಕಾಣುತ್ತದೆ, ಹಳೆಯ ಅಳತೆ ಕಾಣುವುದಿಲ್ಲ. ಅದನ್ನು ತೋರಿಸಬಲ್ಲದ್ದು ಕಟ್ಟಿದವನು ಇಟ್ಟ ನಕ್ಷೆ ಮತ್ತು ಲೆಕ್ಕ. ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆಯನ್ನು ಕಡ್ಡಾಯ ಮಾಡಿಸಿದ್ದು ಇದೇ ಕಾರಣಕ್ಕೆ. ಓದು ಬಾರದವನಿಗೂ ಕಾಣುವ ದಾಖಲೆ ಅದು. ಗೆರೆ ನೀರಿನಡಿ ಹೋಯಿತೆಂದರೆ ಭಾರ ಹೆಚ್ಚಾಯಿತು ಎಂದರ್ಥ.

ಯುರೋಪಿನಲ್ಲಿ ಈಗ ವಿಹಾರದ ಸಣ್ಣ ದೋಣಿ ಕಟ್ಟುವವನಿಗೂ ಕಟ್ಟುಪಾಡುಂಟು. 2013ರ ನಿರ್ದೇಶನದಂತೆ ವಿನ್ಯಾಸ, ಲೆಕ್ಕಾಚಾರ, ಪರೀಕ್ಷೆಗಳ ಕಡತವನ್ನು ದೋಣಿ ಮಾರುಕಟ್ಟೆಗೆ ಬಂದ ಮೇಲೆ 10 ವರ್ಷ ಕಾಯ್ದಿಡಬೇಕು. ದೋಣಿಯ ಮೈಮೇಲೆ ದೇಶ, ಕಟ್ಟಿದವನು, ಕಟ್ಟಿದ ಕಾಲ ಎಲ್ಲವನ್ನೂ ಹೇಳುವ 14 ಅಕ್ಷರ-ಅಂಕಿಗಳ ಗುರುತು ಇರಬೇಕು. ದೋಣಿ ಕೈಬದಲಾಗಿ ಎಲ್ಲಿಗೆ ಹೋದರೂ ಆ ಗುರುತು ಹಿಡಿದು ಕಡತದ ಬಾಗಿಲು ತಟ್ಟಬಹುದು.

ಮುದ್ರೆ ಬದಲಾಯಿತು, ಮಾತು ಅದೇ

ಸೀತಾನದಿಯ ಮುಖಕ್ಕೆ ಮತ್ತೆ ಬರೋಣ. ಮರ ದುಬಾರಿಯಾಗಿ, ಕಾಡಿನ ಕಡಿತಕ್ಕೆ ಕಡಿವಾಣ ಬಿದ್ದ ಮೇಲೆ ಕರಾವಳಿಯ ದೋಣಿಗಳು ಉಕ್ಕಿಗೂ ನಾರುಗಾಜಿಗೂ ತಿರುಗಿದವು. ಮಲ್ಪೆ, ಹಂಗಾರಕಟ್ಟೆಗಳಲ್ಲಿ ನೆಲೆಯಿದ್ದ ಹಡಗುಕಟ್ಟೆಯೊಂದನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನ ಆ ಕಟ್ಟೆಗೆ ನಾರ್ವೆಯ ಕಂಪನಿಯಿಂದ ಸರಕು ಹಡಗುಗಳ ಬೇಡಿಕೆಯೂ ಬಂತು.

ಹಡಗಿಗೆ ಬಳಸುವ ಉಕ್ಕಿನ ತಗಡಿನ ಮೇಲೆ ಒಂದು ಸಂಖ್ಯೆ ಅಚ್ಚೊತ್ತಿರುತ್ತದೆ. ಅದು ಯಾವ ಕುಲುಮೆಯ ಯಾವ ಎರಕದಿಂದ ಬಂತು, ಅದರ ಬಲವೆಷ್ಟು ಎಂಬ ಪ್ರಮಾಣಪತ್ರ ಜೊತೆಗೆ ಬರುತ್ತದೆ. ತಗಡನ್ನು ಕತ್ತರಿಸುವ ಮುನ್ನ ಆ ಸಂಖ್ಯೆಯನ್ನು ಪ್ರತಿ ತುಂಡಿಗೂ ನಕಲಿಸಬೇಕು. ಬೆಸೆದವನು ಯಾರು, ಪರೀಕ್ಷಿಸಿದವನು ಯಾರು ಎಂಬುದೂ ಬರೆದಿರಬೇಕು. ಆಗುಂಬೆಯ ಗೇಟಿನಲ್ಲಿ ದಿಮ್ಮಿಯ ಮುದ್ರೆಯನ್ನು ಪಾಸಿನೊಡನೆ ತಾಳೆ ನೋಡಿದ್ದಕ್ಕೂ ಇದಕ್ಕೂ ಲೆಕ್ಕದ ಬಗೆ ಒಂದೇ. ವ್ಯತ್ಯಾಸ ಇರುವುದು ಉದ್ದೇಶದಲ್ಲಿ. ಅಲ್ಲಿ ಮರ ಯಾರದು ಎಂದು ಕೇಳಿದ್ದು ಬೊಕ್ಕಸ. ಇಲ್ಲಿ ಉಕ್ಕು ತಾಳುತ್ತದೆಯೇ ಎಂದು ಕೇಳುವುದು ಹಡಗಿನ ಮೇಲಿರುವವರ ಪ್ರಾಣ.

ದೊಡ್ಡ ಕಟ್ಟೆಗೆ ಈ ಲೆಕ್ಕ ಇಡಲು ಗುಮಾಸ್ತರಿದ್ದಾರೆ, ಎಂಜಿನಿಯರರಿದ್ದಾರೆ. ಹೊಳೆಯ ದಂಡೆಯಲ್ಲಿ ಒಬ್ಬನೇ ಕುಳಿತು ದೋಣಿ ಕಟ್ಟುವವನಿಗೆ ಯಾರೂ ಇಲ್ಲ. ನಾಲ್ಕು ಶತಮಾನ ಅವನ ಬಳಿಗೆ ಕಾಗದ ಬಂದದ್ದು ಸುಂಕವಾಗಿ, ಜಪ್ತಿಯಾಗಿ, ದಂಡವಾಗಿ. ಹಾಗಾಗಿ ಅದನ್ನು ಕಂಡರೆ ಅವನಿಗೆ ಅಂಜಿಕೆ; ಕಾಗದ ಎಂದರೆ ಹೇಗಾದರೂ ಪಾರಾಗಬೇಕಾದ ಗೇಟು. ಸುರಕ್ಷತೆಗಾಗಿ ಬರೆಯಿರಿ ಎಂದು ಕಾನೂನು ಈಗ ಹೇಳಿದರೂ ಅವನ ಕಿವಿಗೆ ಹಳೆಯ ಕಾವಲುಗಾರನ ದನಿಯೇ ಕೇಳಿದರೆ ತಪ್ಪು ಅವನೊಬ್ಬನದಲ್ಲ. ಅವನ ಕೋಲಿನ ಅಳತೆಯನ್ನು ಅವನ ಭಾಷೆಯಲ್ಲೇ, ಒಂದು ಹಾಳೆಯಲ್ಲಿ ಬರೆದಿಡುವಂತೆ ಮಾಡಿದರೆ ಆ ಹಾಳೆ ದೋಣಿಯ ಇನ್ನೊಂದು ಹಲಗೆಯಾಗುತ್ತದೆ. ಹೊಳೆ ತುಂಬಿದ ದಿನ ದೋಣಿ ಹತ್ತುವವನಿಗೆ ಕಟ್ಟಿದ ಆಚಾರಿಯ ಪರಿಚಯ ಇರುವುದಿಲ್ಲ. ಅವನು ನಂಬಬೇಕಾದದ್ದು ಆ ಬರಹವನ್ನೇ.